ಅಳಿಯ ಎಂಬ ಉಳಿ

ನಮ್ಮ ಕಾರ್ಖಾನೆಯಲ್ಲಿ ತಪ್ಪು ಮಾಡಿದವರಿಗೆ ಯಾರೂ ಹೊಡೆಯುತ್ತಿರಲಿಲ್ಲ. ಸಂಬಳ ಹಿಡಿಯುತ್ತಿರಲಿಲ್ಲ, ಕೆಲಸದಿಂದ ತೆಗೆಯುತ್ತಲೂ ಇರಲಿಲ್ಲ. ಹೆಸರಿಡುತ್ತಿದ್ದರು, ಅಷ್ಟೆ. ನನ್ನನ್ನು ಕೇಳಿದರೆ, ಕೆನ್ನೆಗೆ ಎರಡು ಬಿಟ್ಟಿದ್ದರೇ ವಾಸಿಯಿತ್ತು.

ದೊಡ್ಡ ಯಜಮಾನರ ಪದ್ಧತಿ ಹೀಗಿತ್ತು. ಮರ ಕೆತ್ತುವಾಗ ಯಾರಾದರೂ ಕೈ ಜಾರಿ ಕೆಲಸ ಕೆಡಿಸಿದರೆ, ಅವರು ಬಂದು ಮರದ ಮೇಲಿನ ಗಾಯವನ್ನು ಬೆರಳಿನಿಂದ ಸವರಿ ನೋಡುವರು. ಒಂದು ಮಾತೂ ಆಡದೆ ಸಾಣೆಕಲ್ಲಿನ ಹತ್ತಿರ ಹೋಗಿ ಕೂರುವರು. ಹಳೆಯ ಉಳಿಯೊಂದನ್ನು ತೆಗೆದುಕೊಂಡು, ಆ ಗಾಯವನ್ನು ಹೆರೆದು ಸರಿಮಾಡಲು ಹೇಗೆ ಬೇಕೋ ಹಾಗೆ ಅದರ ಬಾಯಿ ಮಸೆಯುವರು. ಕೆಟ್ಟ ಜಾಗ ಸರಿಹೋದ ಮೇಲೆ ಎಲ್ಲರನ್ನೂ ಕರೆದು, ಆ ಉಳಿಯನ್ನು ಗೋಡೆಯ ಮೊಳೆಗೆ ಹಾಕಿ, ತಪ್ಪು ಮಾಡಿದವನಿಗೆ ಒಪ್ಪುವ ಅಡ್ಡಹೆಸರೊಂದನ್ನು ಅದಕ್ಕೆ ಇಡುವರು. ಆಮೇಲೆ ಆ ಮನುಷ್ಯ ಕೆಲಸ ಬಿಟ್ಟು ಹೋಗಲಿ, ಸತ್ತೇ ಹೋಗಲಿ, ಉಳಿ ಮಾತ್ರ ಅದೇ ಹೆಸರಿನಲ್ಲಿ ಗೋಡೆಯ ಮೇಲೆ ಇರುತ್ತದೆ.

ಕೆಲಸದ ನಡುವೆ ಕಣ್ಣು ಮುಚ್ಚಿದವನದು ‘ತೂಕಡಿಕೆ’. ತಪ್ಪು ತನ್ನದಲ್ಲ, ಮರದ್ದು ಎಂದು ಸಂಜೆಯವರೆಗೆ ವಾದಿಸಿದವನದು ‘ವಕೀಲ’. ನನ್ನದೂ ಒಂದಿದೆ. ನಾನು ಕೆತ್ತುವವಳಲ್ಲ, ಪಾಲಿಷ್ ಹಾಕುವವಳು. ಆದರೂ ಒಮ್ಮೆ ಸರಿಯಾಗಿ ಆರದ ಮರಕ್ಕೆ ವಾರ್ನಿಷ್ ಬಳಿದು, ಅದು ಮೈತುಂಬ ಗುಳ್ಳೆಯೆದ್ದಾಗ, ಗುಳ್ಳೆ ಹೆರೆಯಲು ಚಪ್ಪಟೆ ಬಾಯಿಯ ಉಳಿಯೊಂದು ಬಂತು. ಅದಕ್ಕೆ ‘ಅವಸರ’ ಎಂದು ಹೆಸರಾಯಿತು. ಈಗಲೂ ಯಾರಾದರೂ “ಆ ಅವಸರ ಇತ್ತ ಕೊಡಪ್ಪ” ಎಂದರೆ ನನ್ನ ಕಿವಿ ಬಿಸಿಯಾಗುತ್ತದೆ.

ಗೋಡೆಯ ಮೇಲಿನ ಅಷ್ಟೂ ಉಳಿಗಳಲ್ಲಿ ಬೀದಿಗಿಳಿದು ಹೆಸರು ಮಾಡಿದ್ದು ಒಂದೇ, ಅಳಿಯ. ಅದರ ಅಲಗಿನ ವಾರೆ, ಎಂದರೆ ಓರೆಯಾಗಿ ಮಸೆದ ಅಂಚು, ಮಾಮೂಲಿಗಿಂತ ಉಲ್ಟಾ. ಹಾಗಾಗಿ ಬೇರೆ ಉಳಿ ಹೋಗಲಾಗದ ಸಂದಿಗೆ ಅದು ಸಲೀಸಾಗಿ ಹೋಗುತ್ತದೆ. ಬೀದಿ ಕೊನೆಯ ಕಮ್ಮಾರ ಅದನ್ನು ನೋಡಿಕೊಂಡು ಹೋಗಿ ಹಾಗೆಯೇ ಬಡಿದು ಮಾರತೊಡಗಿದ. ಆಮೇಲೆ ಕಬ್ಬಿಣದ ಅಂಗಡಿಗಳಲ್ಲಿ ಬಂತು. ಈಗ ಯಾವ ಅಂಗಡಿಗೆ ಹೋದರೂ “ದಪ್ಪ ಅಳಿಯ ಬೇಕಾ, ತೆಳ್ಳಗಿನ ಅಳಿಯ ಬೇಕಾ?” ಎಂದು ಕೇಳುತ್ತಾರೆ. “ತುಕ್ಕು ಹಿಡೀದೇ ಇರೋ ಅಳಿಯ ಇದ್ರೆ ಕೊಡಿ, ಮಗಳಿಗೂ ಒಂದು ಬೇಕಿತ್ತು” ಎಂದು ಗಿರಾಕಿಗಳು ಹಲ್ಲು ಕಿರಿಯುತ್ತಾರೆ. ಈ ನಗೆಚಾಟಿಕೆ ಕೇಳಿ ಕೇಳಿ ನನಗೆ ಸಾಕಾಗಿದೆ.

ಆ ಅಳಿಯ ಯಾರೆಂದರೆ, ದೊಡ್ಡ ಯಜಮಾನರ ಒಬ್ಬಳೇ ಮಗಳ ಗಂಡ. ಮದುವೆಯಾಗಿ ಮಾವನ ಮನೆಗೇ ಬಂದು ಉಳಿದವರು, ಮಾವನ ಕಾರ್ಖಾನೆಯಲ್ಲೇ ಕೆಲಸಕ್ಕೆ ಕೂತವರು. ಈಗ ಅವರ ತಲೆ ಪೂರ್ತಿ ಬೆಳ್ಳಗಾಗಿದೆ, ಮಾವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಎದುರಿಗೆ ನಾವೆಲ್ಲ ಅವರನ್ನು ‘ಅಳಿಯಂದ್ರು’ ಎಂದೇ ಕರೆಯುತ್ತೇವೆ. ಉಳಿ ಮಾತ್ರ ‘ಅಳಿಯ’. ಬಹುವಚನ ಮನುಷ್ಯನಿಗೆ, ಏಕವಚನ ಗೋಡೆಗೆ. ಈ ಮರ್ಯಾದೆಯಾದರೂ ಇರಲಿ ಎಂದು ಯಾರು ಶುರುಮಾಡಿದರೋ, ಪುಣ್ಯಾತ್ಮರು.

ಕಾರ್ಖಾನೆ ಈಗ ಮಗಳದು. ಎದುರಿಗೆ ನಾನೂ ‘ಯಜಮಾನಿಯವರೇ, ನೀವು’ ಎಂದೇ ಮಾತಾಡುತ್ತೇನೆ, ಸಂಬಳ ಕೊಡುವವಳಲ್ಲವೇ. ಇಲ್ಲಿ ‘ಅವಳು’ ಎಂದೇ ಬರೆಯುತ್ತೇನೆ. ಅವಳ ಕೈ ಚಿನ್ನದಂಥ ಕೈ, ಇಲ್ಲವೆನ್ನುವುದಿಲ್ಲ. ಮಂಚದ ತಲೆಗಟ್ಟಿನ ಮೇಲೆ, ಕನ್ನಡಿಯ ಚೌಕಟ್ಟಿನ ಮೇಲೆ ಅವಳು ಕೆತ್ತಿದ ಹಕ್ಕಿ ನೋಡಿದರೆ ಚಪ್ಪಾಳೆ ತಟ್ಟಿದರೆ ಹಾರಿಹೋದೀತು ಅನ್ನಿಸುತ್ತದೆ. ನಮ್ಮಲ್ಲಿ ಹಕ್ಕಿ ಕೆತ್ತುವುದು ಯಜಮಾನಿ ಒಬ್ಬಳೇ. ಅಳಿಯಂದಿರದು ಅದರ ಸುತ್ತಲಿನ ಬಳ್ಳಿ, ಎಲೆ, ಅಂಚುಪಟ್ಟಿ. ಎಲ್ಲರ ಮೇಜಿನಲ್ಲೂ ದೀಪ ಎಡಗಡೆಗಿದೆ, ಅವಳ ಮೇಜಿನಲ್ಲಿ ಮಾತ್ರ ಬಲಗಡೆಗೆ. ಬೇರೆಯವರು ಅಲ್ಲಿ ಕೂತರೆ ತಮ್ಮ ಕೈಯ ನೆರಳೇ ಕೆಲಸದ ಮೇಲೆ ಬಿದ್ದು ಗೊಣಗುತ್ತ ಎದ್ದು ಬರುತ್ತಾರೆ.

ಗೋಡೆಯ ಮೇಲೆ ಎಲ್ಲರ ಹೆಸರಿನ ಉಳಿಯೂ ಇದೆ, ಅವಳದೊಂದಿಲ್ಲ. “ಅಪ್ಪ ನನ್ನ ಕೈಲಿ ಒಂದೇ ಒಂದು ತಪ್ಪು ನೋಡ್ಲಿಲ್ಲ” ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಕೇಳದಿದ್ದವರಿಗೂ ಹೇಳುತ್ತಾಳೆ.

ನನ್ನ ಪಾಲಿಷ್ ಕೋಣೆ ಕಾರ್ಖಾನೆಯ ಹಿಂಬದಿಗಿದೆ. ನಡುವೆ ಇರುವುದು ತೆಳ್ಳನೆಯ ಹಲಗೆ, ಅದರಲ್ಲೊಂದು ಗಂಟು ಉದುರಿ ತೂತಾಗಿದೆ. ವಾರ್ನಿಷ್ ಹಸಿಯಿದ್ದಾಗ ಬಾಗಿಲು ತೆರೆಯುವಂತಿಲ್ಲ. ಹೊಟ್ಟು, ಧೂಳು ಹಾರಿ ಬಂದು ಕೂತರೆ ಮಾಡಿದ ಕೆಲಸವೆಲ್ಲ ಮಣ್ಣುಪಾಲು. ಒಳಗಿದ್ದವಳು ಅದು ಆರುವವರೆಗೆ ಒಳಗೇ ಇರಬೇಕು. ಸ್ವಲ್ಪ ಹೊತ್ತಾದರೆ ಹೊರಗಿನವರು ನನ್ನನ್ನು ಮರೆತೇ ಬಿಡುತ್ತಾರೆ. ಈ ಮನೆಯ ಗುಟ್ಟುಗಳೆಲ್ಲ ನನಗೆ ತಿಳಿದದ್ದು ಹೀಗೆಯೇ ಹೊರತು, ನಾನಾಗಿ ಎಲ್ಲೂ ಮೂಗು ತೂರಿಸಿದವಳಲ್ಲ.

ನಿಘಂಟಿನವರು ಬರುವ ದಿನ ಬೆಳಿಗ್ಗೆ, ಬೇರೆ ಯಾರೂ ಇನ್ನೂ ಕೆಲಸಕ್ಕೆ ಬಂದಿರಲಿಲ್ಲ. ನಾನು ಬೇಗ ಬಂದು ಮಂಚವೊಂದರ ಕಾಲುಗಳಿಗೆ ಮೊದಲ ಕೋಟು ಹಾಕಿ ಕೂತಿದ್ದೆ. ನಿಘಂಟಿನವರೆಂದರೆ, ಕಸುಬಿನವರು ಆಡುವ ಮಾತುಗಳನ್ನು ಕೂಡಿಸಿ ಪುಸ್ತಕ ಮಾಡುತ್ತಿದ್ದ ಒಬ್ಬರು. ‘ಅಳಿಯ’ ಎಂಬ ಉಳಿಯ ಹೆಸರು ಎಲ್ಲಿಂದ ಬಂತೆಂದು ಊರೆಲ್ಲ ವಿಚಾರಿಸಿ, ಕೊನೆಗೆ ನಮ್ಮ ಕಾರ್ಖಾನೆಯ ಜಾಡು ಹಿಡಿದು ಯಜಮಾನಿಗೆ ಫೋನ್ ಮಾಡಿದ್ದರು.

ಹಲಗೆಯಾಚೆ ಯಜಮಾನಿಯೊಡನೆ ಮಾತಾಡುತ್ತಿದ್ದ ಅಳಿಯಂದಿರ ದನಿ ಕೇಳಿತು.

“ಅವರು ಬಂದ್ರೆ ಹೆಸರು ಹೇಗೆ ಬಂತು ಅಂತ ಕೇಳ್ತಾರೆ.”

“ಕೇಳ್ಲಿ. ಅದಕ್ಕೇ ತಾನೇ ಬರ್ತಿರೋದು.”

“ಏನು ಹೇಳ್ತೀಯ?”

ಅವಳು ಉಳಿಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದ ಸದ್ದಷ್ಟೇ ಬರುತ್ತಿತ್ತು.

“ನೋಡು, ನಿಜ ಹೇಳು ಅಂತ ನಾನು ಕೇಳ್ತಿಲ್ಲ,” ಎಂದರು ಅವರು. “ಆ ಹಕ್ಕಿ ರೆಕ್ಕೆ ಯಾರ ಕೈಯಿಂದ ಹೋಯ್ತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ತಪ್ಪು ನಂದು ಅಂತ ಅವತ್ತು ಒಪ್ಕೊಂಡೆ, ಅದು ಹಾಗೇ ಇರ್ಲಿ. ಆದ್ರೆ ಯಾರೋ ಪ್ರೊಫೆಸರ್ ಹೇಳಿದಾರಂತಲ್ಲ, ತಪ್ಪನ್ನ ಅಳಿಸೋದ್ರಿಂದ ಅಳಿಯ ಅಂತ ಹೆಸರು ಬಂತು ಅಂತ. ಅದೇ ಸರಿ ಅಂದ್ಬಿಡು. ಅಷ್ಟು ಸಾಕು.”

“ಅಷ್ಟಕ್ಕೆ ಇಷ್ಟು ಪೀಠಿಕೆನಾ?”

“ಪುಸ್ತಕ ಕಣೇ. ಬೀದಿ ಮಾತಾದ್ರೆ ನಾವು ಹೋದ್ಮೇಲೆ ಅದೂ ಹೋಗುತ್ತೆ. ಪುಸ್ತಕದಲ್ಲಿ ಬಂದ್ರೆ ನಾಳೆ ಮೊಮ್ಮಕ್ಕಳು ಓದ್ತಾವೆ. ಇಡೀ ಜೀವಮಾನ ನಗಿಸಿದ್ದಾಯ್ತು, ಇನ್ನು ಸಾಕು.”

“ಆಯ್ತು ಬಿಡಿ.”

“ಮಾತು ಕೊಟ್ಟಹಾಗೆ ತಾನೇ?”

“ಆಯ್ತು ಅಂದ್ನಲ್ರೀ. ಬೆಳಿಗ್ಗೆ ಬೆಳಿಗ್ಗೆ ತಲೆ ತಿನ್ಬೇಡಿ.”

ನನ್ನ ಕೈಯಲ್ಲಿದ್ದ ಬ್ರಷ್ಷಿನಿಂದ ವಾರ್ನಿಷ್ ತೊಟ್ಟಿಕ್ಕಿ ನನ್ನ ಪಾದದ ಮೇಲೆ ಬಿತ್ತು. ಇಷ್ಟು ವರ್ಷ ನಾನೂ ಎಲ್ಲರ ಜೊತೆ ಸೇರಿ ನಕ್ಕ ತಪ್ಪು ಈ ಮನುಷ್ಯನದಾಗಿರಲೇ ಇಲ್ಲ. ಹೆಂಡತಿಯದನ್ನು ತಲೆಯ ಮೇಲೆ ಹಾಕಿಕೊಂಡಿದ್ದಾರೆ. ಹಾಕಿಕೊಂಡು, ಈಗ ಅದನ್ನು ಇಳಿಸು ಎಂದೂ ಕೇಳುತ್ತಿಲ್ಲ, ಮೇಲೊಂದು ಬಟ್ಟೆ ಮುಚ್ಚು ಎಂದಷ್ಟೇ ಕೇಳುತ್ತಿದ್ದಾರೆ. ಅವರ ಮೇಲೆ ಮರುಕಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಇಷ್ಟು ಒಳ್ಳೆಯವರಾಗಬಾರದು.

ನಿಘಂಟಿನವರು ಮಧ್ಯಾಹ್ನದ ಹೊತ್ತಿಗೆ ಬಂದರು. ಸಣಕಲು ಮೈ, ಕತ್ತಿನಲ್ಲಿ ಕ್ಯಾಮೆರಾ, ಅಂಗೈಯಗಲದ ರೆಕಾರ್ಡರ್. ಅವರಿಗೆ ಸ್ಟೂಲ್ ಹಾಕಿ ಕೂರಿಸಿದೆವು. ಟೀ ಬಂತು. ಕೆತ್ತುವವರು, ಬುಗುರಿ ಯಂತ್ರದ ಮೇಲೆ ಮರ ತಿರುಗಿಸುವವನು, ನಾನು, ಎಲ್ಲರೂ ಸುತ್ತ ನಿಂತೆವು. ಅಳಿಯಂದಿರು ತಮ್ಮ ಮೇಜಿನಲ್ಲೇ ಕೂತು ಎಲೆಯೊಂದರ ನರ ಎಳೆಯುತ್ತಿದ್ದರು. ಒಂದೇ ನರವನ್ನು ಮತ್ತೆ ಮತ್ತೆ ಎಳೆಯುತ್ತಿದ್ದುದನ್ನು ನಾನು ಗಮನಿಸಿದೆ.

“ಈ ಹೆಸರಿಗೆ ನನಗೆ ಸಿಕ್ಕಿರೋ ಮೂಲಗಳು ಒಂದೆರಡಲ್ಲ ಮೇಡಂ,” ಎಂದರು ನಿಘಂಟಿನವರು. “ಒಬ್ರು ಹೇಳ್ತಾರೆ, ಎಣ್ಣೆ ಹಚ್ಚಿ ಉಪಚಾರ ಮಾಡದಿದ್ರೆ ಮುನಿಸ್ಕೊಂಡು ತುಕ್ಕು ಹಿಡಿಯುತ್ತೆ, ಅದಕ್ಕೆ ಅಳಿಯ ಅಂತ. ಇನ್ನೊಬ್ರು, ಎಲ್ಲಿಂದಲೋ ಬಂದು ಮನೆ ಮೂಲೆವರೆಗೂ ನುಗ್ಗುತ್ತೆ, ಅದಕ್ಕೆ ಅಂತಾರೆ. ಪ್ರೊಫೆಸರ್ ಒಬ್ರು, ತಪ್ಪನ್ನ ಅಳಿಸುತ್ತೆ, ಹಾಗಾಗಿ ಅಳಿಯ ಅಂತಾರೆ. ಮೂಲ ಉಳಿ ಇರೋದು ನಿಮ್ಮಲ್ಲೇ. ನೀವೇ ಹೇಳ್ಬೇಕು.”

ಮರ ತಿರುಗಿಸುವವನು ಕಿಸಕ್ಕೆಂದ. ಯಜಮಾನಿ ಅವನತ್ತ ಕಣ್ಣು ಬಿಟ್ಟಳು. ಗಂಡನ ಕಡೆ ಒಮ್ಮೆ ನೋಡಿದಳು. ಅವರು ತಲೆಯೆತ್ತಲಿಲ್ಲ, ಕೈ ಮಾತ್ರ ನಿಂತಿತ್ತು.

“ಪ್ರೊಫೆಸರ್ ಹೇಳಿದ್ದೇ ಸರಿ,” ಎಂದಳು ಅವಳು. “ತಪ್ಪನ್ನ ಅಳಿಸುತ್ತಲ್ಲ, ಅದಕ್ಕೇ ಇರ್ಬೇಕು.”

ಮಾತು ಉಳಿಸಿಕೊಂಡಳಲ್ಲ ಎಂದು ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅಳಿಯಂದಿರ ಹೆಗಲು ಇಷ್ಟು ಕೆಳಗಿಳಿಯಿತು, ಹೊತ್ತ ಮೂಟೆಯನ್ನು ಇಳಿಸಿದವರ ಹಾಗೆ.

“ಅಷ್ಟೇನಾ?” ಎಂದರು ನಿಘಂಟಿನವರು. ಪಾಪ, ಅವರ ಮುಖ ಬಾಡಿತು. ಇಷ್ಟು ದೂರ ಬಂದದ್ದು ಇದಕ್ಕಾ ಎಂಬಂತೆ ರೆಕಾರ್ಡರಿನ ಗುಂಡಿಯ ಕಡೆ ಬೆರಳು ಹೋಯಿತು. “ನಾನು ಇದರ ಹಿಂದೆ ಏನೋ ಒಂದು ಕಥೆ ಇರುತ್ತೆ ಅಂದ್ಕೊಂಡಿದ್ದೆ.”

ಆ ಬೆರಳು ಗುಂಡಿ ಒತ್ತಿಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವಳನ್ನು ನಾನು ಬಲ್ಲೆ. ಎದುರಿಗೆ ಕಿವಿಗೊಟ್ಟು ಕೂತವನು ಬೇಸರದಿಂದ ಎದ್ದುಹೋಗುವುದನ್ನು ಅವಳು ಸಹಿಸಳು.

“ಇರಿ ಇರಿ, ಆರಿಸ್ಬೇಡಿ,” ಎಂದಳು. “ಕಥೆ ಇಲ್ದೆ ಏನು?”

ಅಳಿಯಂದಿರು ತಲೆಯೆತ್ತಿದರು. ಅವಳು ಆ ಕಡೆ ನೋಡಲೇ ಇಲ್ಲ. ಟೀ ಲೋಟ ಹಿಡಿದೇ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಮದುವೆಯಾದ ಹೊಸದು. ಆಗ ಹಕ್ಕಿ ಮಾಡ್ತಿದ್ದಿದ್ದು ಇವರು, ಬಳ್ಳಿ ಮಾಡ್ತಿದ್ದಿದ್ದು ನಾನು. ದೊಡ್ಡ ಮನೆಯವರ ಕನ್ನಡಿ ಚೌಕಟ್ಟು. ಇಷ್ಟಗಲ ರೆಕ್ಕೆ ಬಿಚ್ಚಿರೋ ಹಕ್ಕಿ. ಎಲ್ಲಾ ಮುಗಿದು ರೆಕ್ಕೆ ಕೆಳಗಿನ ಸಂದಿ ಒಂದು ಬಾಕಿ. ನಮ್ಮ ಮದುಮಗ ಏನ್ಮಾಡಿದ್ರು ಗೊತ್ತಾ? ಕೈ ಹಕ್ಕಿ ಮೇಲೆ, ಕಣ್ಣು ನನ್ನ ಮೇಲೆ!” ಅವಳು ಕತ್ತು ವಾಲಿಸಿ, ಬಾಯಿ ಅರ್ಧ ತೆರೆದು, ಮಂಕಾಗಿ ನೋಡುವ ಮದುಮಗನಂತೆ ನಟಿಸಿದಳು. “ಪಟ್ ಅಂತ ರೆಕ್ಕೆ ಎಗರಿಹೋಯ್ತು!”

ಎಲ್ಲರೂ ಹೋ ಎಂದು ನಕ್ಕರು. ನಿಘಂಟಿನವರಂತೂ ಸ್ಟೂಲಿನ ತುದಿಗೆ ಬಂದು ಕೂತರು.

“ಅಪ್ಪ ಬಂದ್ರು. ಗಾಯ ಮುಟ್ಟಿ ನೋಡಿದ್ರು. ‘ಯಾರದಿದು?’ ಅಂದ್ರು. ನಿಮಗೆ ಹೇಳ್ತೀನಿ, ಇವರು ಎದ್ದು ನಿಂತಿದ್ದು ನೋಡ್ಬೇಕಿತ್ತು. ಹಾಲು ಕುಡಿದು ಸಿಕ್ಕಿಬಿದ್ದ ಬೆಕ್ಕು! ‘ನಾನೇ ಮಾವ’ ಅಂತ. ದನಿನೇ ಹೊರಡ್ಲಿಲ್ಲ. ಅಪ್ಪ ಒಂದು ಮಾತಾಡ್ಲಿಲ್ಲ. ಸಾಣೆಗೆ ಕೂತ್ರು, ಉಳಿ ಮಸೆದ್ರು, ರೆಕ್ಕೆ ಬುಡ ಹೆರೆದು ಬೇರೆ ರೆಕ್ಕೆ ಕೂರ್ಸಿದ್ರು. ಆಮೇಲೆ ಎಲ್ಲರನ್ನೂ ಕರೆದು, ಉಳಿ ಮೇಲೆತ್ತಿ ಹಿಡಿದು ಹೇಳಿದ್ರು: ‘ನೋಡ್ರಪ್ಪಾ, ಇದು ನನ್ನ ಅಳಿಯ. ಕಂಡವರ ಮನೆ ಮೂಲೇಲಿ ಕೂತು ತಿನ್ನೋದು ಬಿಟ್ರೆ ಇದಕ್ಕೆ ಬೇರೆ ಏನೂ ಬರಲ್ಲ.’”

ಈ ಮಾತನ್ನು ಅವಳು ಅಪ್ಪನ ದಪ್ಪ ದನಿಯಲ್ಲೇ ಹೇಳಿದಳು. ಕೆಲಸದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗಿದು ಹಳೆಯ ಕತೆ, ಆದರೂ ನಕ್ಕರು. ಅವಳು ಹೇಳುವ ರೀತಿಯೇ ಹಾಗೆ. ನನಗೆ ಮಾತ್ರ ಆ ದಿನ ಮೈಯೆಲ್ಲ ಉರಿಯಿತು.

“ಆವತ್ತಿಂದ ಅದಲು ಬದಲು,” ಎಂದು ಮುಗಿಸಿದಳು. “ಇವರಿಗೆ ಬಳ್ಳಿ, ನನಗೆ ಹಕ್ಕಿ. ಗೋಡೆ ನೋಡಿ ಬೇಕಾದ್ರೆ, ಎಲ್ಲರದೂ ಇದೆ, ನಂದೊಂದಿಲ್ಲ. ಅಪ್ಪ ನನ್ನ ಕೈಲಿ ಒಂದೇ ಒಂದು ತಪ್ಪು ನೋಡ್ಲಿಲ್ಲ.”

“ಅದ್ಭುತ!” ಎಂದರು ನಿಘಂಟಿನವರು. “ಪ್ರೊಫೆಸರ್ ಹೇಳಿದ್ದನ್ನ ತೆಗೆದುಹಾಕ್ತೀನಿ. ಈ ಪದ ಬೇರೆ ಅರ್ಥದಲ್ಲೂ ಬಳಕೆಯಲ್ಲಿದೆಯಾ?”

ಕೆಲಸದವರಿಗೆ ಹುರುಪು ಬಂತು. ಬೇರೆಯವರು ಕೆಡಿಸಿಟ್ಟದ್ದನ್ನು ಸರಿಮಾಡುವುದಕ್ಕೆ ‘ಅಳಿಯ ಹಾಕುವುದು’ ಎನ್ನುತ್ತೇವೆ ಎಂದ ಒಬ್ಬ. ಎಷ್ಟು ಮಾಡಿದರೂ ಹೆಸರು ಬಾರದ ಕೆಲಸಕ್ಕೆ ‘ಅಳಿಯನ ಕೆಲಸ’ ಎಂದ ಇನ್ನೊಬ್ಬ. ಎಲ್ಲವೂ ರೆಕಾರ್ಡರಿಗೆ ಹೋಯಿತು. ಆ ಅರ್ಥಗಳ ಮನುಷ್ಯ ಅಲ್ಲೇ ಕೂತಿದ್ದರು. ಅವರಿಗೆ ಕಿವಿಯಿದೆ ಎಂಬುದು ಯಾರಿಗೂ ನೆನಪಿದ್ದಂತಿರಲಿಲ್ಲ.

ನಿಘಂಟಿನವರು ಗೋಡೆಯಿಂದ ಉಳಿ ಇಳಿಸಿಕೊಂಡು ಬೆಳಕಿಗೆ ಹಿಡಿದರು. ಪಕ್ಕದಲ್ಲಿ ಇನ್ನೊಂದು ಉಳಿಯಿಟ್ಟು ಹೋಲಿಸಿದರು. “ಎಲ್ಲದರ ವಾರೆ ಒಂದು ಕಡೆಗಿದ್ರೆ ಇದರದು ಇನ್ನೊಂದು ಕಡೆಗಿದೆಯಲ್ಲ, ಯಾಕೆ?”

“ಅಳಿಯ ಅಲ್ವಾ ಸಾರ್, ಉಲ್ಟಾನೇ,” ಎಂದ ಮರ ತಿರುಗಿಸುವವನು. ಮತ್ತೆ ನಗು.

“ನೀವು ಹೇಳಿ ಸರ್.” ನಿಘಂಟಿನವರು ನೇರವಾಗಿ ಅಳಿಯಂದಿರನ್ನೇ ಕೇಳಿದರು. “ನಿಮ್ಮದೇ ಅಲ್ವಾ ಇದು.”

ಅಳಿಯಂದಿರು ಎದ್ದು ಬಂದು ಉಳಿಯನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ವಾರೆಯನ್ನು ಸವರಿದರು. ಹೆಂಡತಿಯ ಕಡೆ ನೋಡಿದರು. ಅವಳು ಟೀ ಕುಡಿಯುತ್ತಿದ್ದಳು. ಲೋಟ ಅವಳ ಎಡಗೈಯಲ್ಲಿತ್ತು.

ನನಗೆ ಹೊಳೆದದ್ದು ಆಗ. ಉಳಿ ಬಲಗೈಯಲ್ಲಿ ಹಿಡಿದವನ ಕೈ ಜಾರಿದರೆ ಗಾಯ ಎಡಕ್ಕೆ ಓಡುತ್ತದೆ. ಎಡಗೈಯವರ ಕೈ ಜಾರಿದರೆ ಬಲಕ್ಕೆ ಓಡುತ್ತದೆ, ಅದನ್ನು ಹೆರೆಯಲು ವಾರೆ ಉಲ್ಟಾ ಇರಲೇಬೇಕು. ನಮ್ಮಲ್ಲಿ ಆಗಲೂ ಈಗಲೂ ಎಡಗೈಯಲ್ಲಿ ಕೆತ್ತುವವಳು ಒಬ್ಬಳೇ. ಅವಳ ದೀಪ ಬಲಗಡೆಗಿರುವುದೂ ಅದಕ್ಕೇ. ಇಷ್ಟು ವರ್ಷ ಎಲ್ಲರ ಕಣ್ಣೆದುರು ನೇತಾಡುತ್ತಿದ್ದ ಸಾಕ್ಷಿ ಅದು. ನಾವು ಅದನ್ನು ನೋಡಿ ನಕ್ಕೆವೇ ಹೊರತು ಒಬ್ಬರೂ ತಲೆ ಓಡಿಸಲಿಲ್ಲ. ಗಾಯ ಮುಟ್ಟಿ ನೋಡಿದ ದೊಡ್ಡ ಯಜಮಾನರಿಗೆ ಮಾತ್ರ ಅದು ಮಗಳ ಕೈ ಎಂದು ಗೊತ್ತಾಗದೆ ಇದ್ದೀತೇ? ಗೊತ್ತಾಗಿಯೇ ವಾರೆಯನ್ನು ಹಾಗೆ ಮಸೆದಿದ್ದಾರೆ. ಗೊತ್ತಿದ್ದೂ ಅಳಿಯನ ಹೆಸರಿಟ್ಟಿದ್ದಾರೆ.

ಹೇಳಿಬಿಡಿ ಸ್ವಾಮಿ, ಒಂದೇ ಮಾತು ಸಾಕು ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ.

“ಮಾವನವರಿಗೆ ಅವತ್ತು ಸಿಟ್ಟು ಬಂದಿತ್ತು,” ಎಂದರು ಅಳಿಯಂದಿರು. “ಸಿಟ್ಟಲ್ಲಿ ಉಲ್ಟಾ ಮಸೆದ್ರು ಅಂತ ಕಾಣುತ್ತೆ.”

ಸಾಣೆಯ ಮುಂದೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳದ ಮನುಷ್ಯ ಸಿಟ್ಟಿನಲ್ಲಿ ಉಲ್ಟಾ ಮಸೆದರಂತೆ! ಅದನ್ನೂ ನಿಘಂಟಿನವರು ಖುಷಿಯಿಂದ ತುಂಬಿಕೊಂಡರು. ಫೋಟೊ ಬೇಕೆಂದಾಗ ಯಜಮಾನಿಯೇ ಗಂಡನ ತೋಳು ಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು. ಉಳಿಯನ್ನು ಅವರ ಕೆನ್ನೆಯ ಪಕ್ಕಕ್ಕೆ ಎತ್ತಿ ಹಿಡಿಸಿದಳು. “ನಗ್ರೀ ಸ್ವಲ್ಪ,” ಎಂದಳು. “ಪುಸ್ತಕದಲ್ಲಿ ಬರ್ತೀರ, ಹರಳೆಣ್ಣೆ ಕುಡಿದವರ ಥರ ನಿಲ್ಬೇಡಿ.” ಅವರು ನಕ್ಕರು. ಫೋಟೊ ಚೆನ್ನಾಗಿ ಬಂದಿದೆ ಎಂದು ನಿಘಂಟಿನವರು ತೋರಿಸಿದರು.

ಸಂಜೆ ಎಲ್ಲರೂ ಹೋದರು. ನಾನು ಬೆಳಗಿನ ಮಂಚದ ಕಾಲುಗಳಿಗೆ ಎರಡನೇ ಕೋಟು ಹಾಕಿ ಮುಗಿಸಿದ್ದೆನಷ್ಟೆ, ಬಾಗಿಲು ತೆರೆಯುವಂತಿರಲಿಲ್ಲ. ಹೊರಗೆ ಅವರಿಬ್ಬರೇ ಉಳಿದರು. ಅವಳು ಹೊಟ್ಟು ಗುಡಿಸುತ್ತಿದ್ದಳು. ಅವರು ಉಳಿಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಗಂಟಿನ ತೂತಿನಲ್ಲಿ ನನಗೆ ಇಬ್ಬರೂ ಕಾಣುತ್ತಿದ್ದರು.

“ಮುಖ ಯಾಕೆ ಊದಿಸ್ಕೊಂಡಿದ್ದೀರಿ?” ಎಂದಳು ಅವಳು.

“ಬೆಳಿಗ್ಗೆ ಆಯ್ತು ಅಂದಿದ್ದೆ.”

“ಹೇಳಿದ್ನಲ್ಲ, ಪ್ರೊಫೆಸರ್ ಹೇಳಿದ್ದೇ ಸರಿ ಅಂತ. ಆ ಮನುಷ್ಯ ನೋಡಿದ್ರೆ ಅಳೋ ಥರ ಆದ. ಅಷ್ಟು ದೂರದಿಂದ ಬಂದಿದ್ದ ಪಾಪ.”

“ನಾನೂ ದೂರದಿಂದ ಬಂದವನೇ ಕಣೇ,” ಎಂದರು ಅವರು.

ಅವಳು ಪೊರಕೆ ನಿಲ್ಲಿಸಲಿಲ್ಲ.

“ನಾಳೆ ಅವರಿಗೊಂದು ಫೋನ್ ಮಾಡು. ತಮಾಷೆಗೆ ಹೇಳ್ದೆ, ಅದನ್ನ ಹಾಕ್ಬೇಡಿ ಅಂತ ಹೇಳು. ಇನ್ನೇನೂ ಬೇಡ.”

“ಮಾಡಲ್ಲ. ಕಥೆ ಎಷ್ಟು ಚೆನ್ನಾಗಿದೆ. ಅಪ್ಪನ ಹೆಸರೂ ಉಳಿಯುತ್ತೆ, ಕಾರ್ಖಾನೆ ಹೆಸರೂ ಉಳಿಯುತ್ತೆ. ನಿಜ ಹೇಳಿದ್ರೆ ಉಳಿಗೆ ಏನಂತ ಹೆಸರಿಡ್ತಾರೆ, ಮಗಳು ಅಂತನಾ? ಅಂಗಡಿಗೆ ಹೋಗಿ ಎರಡು ಮಗಳು ಕೊಡಿ ಅಂತ ಕೇಳ್ತಾರಾ?”

ಅಳಿಯಂದಿರು ಎದ್ದು ಅವಳ ಹತ್ತಿರ ಹೋಗಿ ಉಳಿಯನ್ನು ಮುಂದೆ ಹಿಡಿದರು.

“ಇದನ್ನ ನೋಡು. ಈ ವಾರೆ ನೋಡು. ನಿಮ್ಮಪ್ಪನಿಗೆ ಗೊತ್ತಿತ್ತು.”

ಪೊರಕೆ ನಿಂತಿತು.

“ಬೆರಳಿಟ್ಟ ತಕ್ಷಣ ಗೊತ್ತಾಗಿದೆ ಅವರಿಗೆ. ಇದು ಎಡಗೈ ಗಾಯಕ್ಕೆ ಮಸೆದ ಉಳಿ. ಮೊದಲನೇ ಸಲ ಕೈಗೆ ತಗೊಂಡಾಗಲೇ ನಾನು ನೋಡ್ದೆ. ನನ್ನ ಹಕ್ಕಿಗೆ ನೀನು ಉಳಿ ಇಟ್ಟಿದ್ದು ಅಪ್ಪನಿಗೆ ಗೊತ್ತಾದ್ರೆ, ಇನ್ನು ಉಳಿ ಮುಟ್ಟಿಸಲ್ಲ ಅಂತ ಅವತ್ತು ನನ್ನ ಕೈ ಹಿಡ್ಕೊಂಡು ಅತ್ತೆ. ಗೊತ್ತಾಗಿದೆ ಅಂತ ನಾನು ನಿನಗೆ ಹೇಳ್ಲಿಲ್ಲ. ಅಪ್ಪ ನನ್ನ ಕೈಲಿ ಒಂದು ತಪ್ಪೂ ನೋಡ್ಲಿಲ್ಲ ಅಂತಿದ್ಯಲ್ಲ, ನೀನು ನಿಂತಿರೋದೇ ಆ ಒಂದು ಮಾತಿನ ಮೇಲೆ. ಅದನ್ನ ಕಿತ್ಕೋಬಾರ್ದು ಅಂತ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಇವತ್ತೂ ಅಷ್ಟು ಜನರ ಮುಂದೆ ಮುಚ್ಕೊಂಡೆ. ಇನ್ನು ನನ್ನ ಕೈಲಿ ಆಗಲ್ಲ.”

ಈಗ ಅವಳು ಕುಸಿದು ಕೂರುತ್ತಾಳೆ ಎಂದುಕೊಂಡೆ. ಕೂರಲಿ ಎಂದೂ ಬಯಸಿದೆ.

ಅವಳು ನಕ್ಕಳು. ಕೊಂಕಿನ ನಗುವಲ್ಲ. ಮಗು ಏನೋ ಹೇಳಿದಾಗ ನಗುತ್ತಾರಲ್ಲ, ಅಂಥದು.

“ಅಯ್ಯೋ ರಾಮಾ, ಇದಾ? ಇದನ್ನಾ ಇಷ್ಟು ವರ್ಷ ಹೊಟ್ಟೇಲಿಟ್ಕೊಂಡು ಕೂತಿದ್ರಿ? ಅಪ್ಪನಿಗೆ ಹೇಳಿದ್ದೇ ನಾನಲ್ವೇನ್ರೀ.”

“ಏನಂದೆ?”

“ನಾನೇ ಹೇಳ್ದೆ. ಅವತ್ತೇ, ಅವರು ಸಾಣೆಗೆ ಕೂರೋಕ್ಮುಂಚೆ. ನೀವು ನಾನೇ ಮಾವ ಅಂತ ಎದ್ದು ನಿಂತ್ರಲ್ಲ, ಆಮೇಲೆ ಅಪ್ಪ ನನ್ನ ಒಳಗೆ ಕರೆದು, ‘ನಿಂದಾ?’ ಅಂದ್ರು. ಹೂಂ ಅಂದೆ. ‘ಸುಮ್ನಿರು, ಹೇಗೂ ಅವನೇ ಒಪ್ಕೊಂಡಿದ್ದಾನೆ. ಮನೆ ಅಳಿಯ, ಎಲ್ಲಿಗೆ ಹೋಗ್ತಾನೆ? ನಾಳೆಯಿಂದ ಹಕ್ಕಿ ನೀನು ಮಾಡು’ ಅಂದ್ರು. ಅಷ್ಟೇ.”

ಅಳಿಯಂದಿರು ಉಳಿಯನ್ನು ಇನ್ನೂ ಮುಂದಕ್ಕೆ ಚಾಚಿ ಹಿಡಿದೇ ಇದ್ದರು. ಕೈ ಇಳಿಸಬೇಕೆಂಬುದು ಅವರಿಗೆ ಮರೆತಂತಿತ್ತು. ಅವರ ಮುಖ ನೋಡಲಾರದೆ ನಾನು ತೂತಿನಿಂದ ಕಣ್ಣು ತೆಗೆದೆ, ಮತ್ತೆ ಇಟ್ಟೆ.

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?” ಎಂದರು ಕೊನೆಗೆ.

“ಏನಂತ ಹೇಳ್ಲಿ? ಅವತ್ತು ನೀವು ಎಷ್ಟು ಬೀಗ್ತಿದ್ರಿ ಗೊತ್ತಾ, ಹೆಂಡತೀನ ಕಾಪಾಡಿದೆ ಅಂತ. ಊಟಕ್ಕೆ ಕೂತಾಗ್ಲೂ ನಿಮ್ಮಷ್ಟಕ್ಕೆ ನಗ್ತಿದ್ರಿ. ಹೋಗ್ಲಿ ಬಿಡು, ಇವರಿಗೂ ಏನೋ ಒಂದು ಸಂತೋಷ ಅಂತ ಸುಮ್ನಾದೆ.” ಅವಳು ಗುಡಿಸಿದ ಹೊಟ್ಟನ್ನು ಮೊರಕ್ಕೆ ತುಂಬಿ ಮೂಲೆಯ ಡಬ್ಬಿಗೆ ಸುರಿದಳು. ಸೆರಗಿನಿಂದ ಕೈ ಒರೆಸಿಕೊಂಡು ದೀಪದ ಸ್ವಿಚ್ಚಿನ ಹತ್ತಿರ ಹೋಗಿ ನಿಂತಳು. “ನನಗೆ ಹಸಿವಾಗ್ತಿದೆ. ಅಳಿಯನ್ನ ಮೊಳೆಗೆ ಹಾಕಿ ಬನ್ನಿ.”

ನಾನು ಬಾಗಿಲಿಗೆ ಕೈ ಹಾಕಿದೆ. ವಾರ್ನಿಷ್ ಹಾಳಾದರೆ ಹಾಳಾಗಲಿ, ಹೊರಗೆ ಹೋಗಿ ಅವಳ ಮುಖಕ್ಕೆ ಉಗಿಯಬೇಕು ಎನ್ನಿಸಿತು. ಆದರೆ ಅದಕ್ಕೆ ಮೊದಲೇ ಅಳಿಯಂದಿರು ಗೋಡೆಯ ಕಡೆ ನಡೆದರು. ಅಲ್ಲಿ ಕಿಟಕಿಯ ಮೇಲೆ ಎಣ್ಣೆ ಬಟ್ಟೆ ಇರುತ್ತದೆ. ಅದನ್ನು ತೆಗೆದುಕೊಂಡು, ದಿನವೂ ಮಾಡುವ ಹಾಗೆ, ಉಳಿಯ ಬಾಯನ್ನೂ ಬೆನ್ನನ್ನೂ ಒರೆಸಿದರು. ಬೆರಳಚ್ಚು ಬಿದ್ದಿದ್ದ ಕಡೆ ಇನ್ನೊಂದು ಸಲ ಒರೆಸಿದರು. ಆಮೇಲೆ ಅದನ್ನು ಅದರ ಮೊಳೆಗೆ ಹಾಕಿ, ಓಲಾಡುವುದು ನಿಲ್ಲುವವರೆಗೆ ಕೈಯಿಂದ ಹಿಡಿದುಕೊಂಡು, “ಬಂದೆ” ಎಂದರು.